ವಿದ್ಯಾರ್ಥಿಗಳ ಚಲಚ್ಚಿತ್ರವೂ ಪ್ರಾಣರಕ್ಷಣೆಯೂ

ಕಳೆದ ತಿಂಗಳು ನಾಲ್ವರು ಕಾಲೇಜು ವಿದ್ಯಾರ್ಥಿಗಳು ನಮ್ಮ ಕಚೇರಿಗೆ ಬಂದು, ಹಿಂಭಾಗದ ಹಳೆಯ ಅಚ್ಚುಕೂಟದ ಕೊಠಡಿಯನ್ನೂ ಅದರ ಮೇಲಣ ತಾರಸಿಯನ್ನೂ ಒಂದು ರಾತ್ರಿಯ ಮಟ್ಟಿಗೆ ತಮಗೆ ಬಿಟ್ಟುಕೊಡಬೇಕೆಂದು ಬಿನ್ನವಿಸಿಕೊಂಡರು. ಹದಿನೈದು ನಿಮಿಷಗಳ ಚಿತ್ರವೊಂದನ್ನು ತೆಗೆಯುವುದು ಅವರ ಉದ್ದೇಶ. ಕೈಯಲ್ಲಿದ್ದ ಹಣ ಎಂಟು ಸಾವಿರ ರೂಪಾಯಿ, ಕ್ಯಾಮರಾ ಎರವಲು, ದೀಪಗಳು ಶಾಮಿಯಾನದವನಿಂದ ಬಾಡಿಗೆಗೆ. ತರುಣರ ಉತ್ಸಾಹವನ್ನು ಕಂಡು ನಮಗೆ ಸಂತೋಷವೇ ಆಯಿತು. ಕಥೆಯನ್ನು ಹೇಳಿಸಿ ಕೇಳಿದೆವು. ಕಥಾನಾಯಕನು ನಡುರಾತ್ರಿಯಲ್ಲಿ ತಾರಸಿಯ ಮೋಟುಗೋಡೆಯ ಮೇಲೆ ಓಡತಕ್ಕದ್ದಂತೆ. “ಕೆಳಗೆ ಏನು ಹಾಸುತ್ತೀರಪ್ಪಾ?” ಎಂದು ಕೇಳಿದುದಕ್ಕೆ, “ಅವನಿಗೆ ಅಭ್ಯಾಸ ಇದೆ ಸಾರ್” ಎಂದರು. ನಾವು ಬೀಗದ ಕೈಯನ್ನು ಕೊಡಲಿಲ್ಲ.

ನಮ್ಮ ನಾಡಿನ ಚಿತ್ರರಂಗವು ಇಂತಹ ಮಾತಿಗೆ ತೆತ್ತಿರುವ ಬೆಲೆ ಅಲ್ಪವಲ್ಲ. 2016ನೆಯ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿಯ ಜಲಾಶಯದಲ್ಲಿ ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ನಟ ಅನಿಲ್ ಮತ್ತು ಉದಯ್ ಇಬ್ಬರೂ ಮುಳುಗಿಹೋದರು. ರಕ್ಷಣೆಯ ದೋಣಿ ಸಕಾಲಕ್ಕೆ ಅವರನ್ನು ಮುಟ್ಟಲಿಲ್ಲ. ಅವರು ಗಟ್ಟಿಮುಟ್ಟಾದ ತರುಣರು, ವ್ಯಾಯಾಮದಿಂದ ಬಲಿತ ದೇಹದವರು. ಈಜು ತಮಗೆ ಅಷ್ಟಾಗಿ ಬಾರದೆಂದು ಹಾರುವ ಮುನ್ನವೇ ಹೇಳಿಕೊಂಡಿದ್ದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಕೇಳಿದವರು ಬಹು ಮಂದಿ. ನಿಲ್ಲಿಸಿದವರು ಒಬ್ಬರೂ ಇಲ್ಲ. ಹಣವೂ ಅನುಭವವೂ ಉಳ್ಳ ತಂಡದಲ್ಲಿಯೇ ಹೀಗಾದರೆ, ಇವೆರಡೂ ಇಲ್ಲದ ವಿದ್ಯಾರ್ಥಿಗಳ ತಂಡದಲ್ಲಿ ಏನಾಗಬಹುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ನೀರಿಗಿಂತಲೂ ವಿದ್ಯುತ್ತೇ ಹೆಚ್ಚು ವಂಚಕವಾದುದು. ಏಕೆಂದರೆ ಅದು ಕಣ್ಣಿಗೆ ಕಾಣದು. 1989ನೆಯ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪೂ ಸುಲ್ತಾನನ ಕಥೆಯನ್ನು ಚಿತ್ರಿಸುತ್ತಿರುವಾಗ ಎದ್ದ ಬೆಂಕಿಗೆ 62 ಮಂದಿ ಬಲಿಯಾದರು. 2021ನೆಯ ಆಗಸ್ಟ್ ತಿಂಗಳಿನಲ್ಲಿ ಬಿಡದಿಯ ಸಮೀಪ ಚಿತ್ರೀಕರಣ ನಡೆಯುತ್ತಿರುವಾಗ ಕ್ರೇನಿನ ಲೋಹದ ಹಗ್ಗವು ಮೇಲಣ ಹೆಚ್ಚೊತ್ತಡದ ತಂತಿಗೆ ತಗುಲಿ ಸಾಹಸ ಕಲಾವಿದನಾದ ತರುಣನೊಬ್ಬನು ಅಸುನೀಗಿದನು. ವಿದ್ಯಾರ್ಥಿಗಳ ಬಳಿ ಕ್ರೇನು ಇರದು, ನಿಜ. ಆದರೆ ಉದ್ದನೆಯ ಕೋಲಿನ ತುದಿಗೆ ಮೈಕನ್ನು ಕಟ್ಟಿ ತಾರಸಿಯ ಮೇಲೆ ಎತ್ತಿ ಹಿಡಿಯುವವರನ್ನು ನಾವೇ ಕಂಡಿದ್ದೇವೆ. ತಂತಿಗೆ ಆ ಕೋಲಿಗೂ ಕ್ರೇನಿಗೂ ಭೇದವಿಲ್ಲ.

ಮನೆಯ ಸಾಮಾನ್ಯ ಸಾಕೆಟ್ಟು 6 ಆಂಪಿಯರಿನದು. 1000 ವ್ಯಾಟಿನ ಒಂದು ದೀಪವು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರನ್ನು ಎಳೆಯುತ್ತದೆ. ಅಂತಹ ಎರಡು ದೀಪಗಳನ್ನು ಒಂದೇ ಸಾಕೆಟ್ಟಿಗೆ ಸಿಕ್ಕಿಸಿದರೆ ತಂತಿ ಬಿಸಿಯಾಗುವುದು ನಿಶ್ಚಯ. ಉದ್ದದ ತಂತಿಯನ್ನು ಬಿಚ್ಚದೆ ಸುರುಳಿಯಲ್ಲಿಯೇ ಬಿಟ್ಟಿದ್ದರೆ ಮತ್ತಷ್ಟು ಬೇಗ ಬಿಸಿಯಾಗುವುದು. ಎಲ್.ಇ.ಡಿ. ದೀಪಗಳು ಈಗ ಅಗ್ಗವಾಗಿ ದೊರೆಯುತ್ತಿರುವುದರಿಂದ ಶಾಮಿಯಾನದ ಹಳೆಯ ಹ್ಯಾಲೊಜನ್ ದೀಪಗಳ ಹಂಬಲವನ್ನು ಬಿಡುವುದೇ ಲೇಸು. ಮಳೆಯ ದೃಶ್ಯಕ್ಕೆಂದು ಕೊಳಾಯಿಯ ನೀರನ್ನು ಹಾರಿಸುವ ಕಡೆ, ವಿದ್ಯುತ್ತು ಸೋರಿದೊಡನೆ ಪ್ರವಾಹವನ್ನು ಕಡಿಯುವ ಸ್ವಿಚ್ಚು ಇಲ್ಲದಿದ್ದರೆ ಸರ್ವಥಾ ದೀಪ ಹಚ್ಚಕೂಡದು. ಜನರೇಟರನ್ನು ಸದ್ದಡಗಿಸಲೆಂದು ಕೋಣೆಯೊಳಗೆ ಇರಿಸುವ ಪರಿಪಾಠವೂ ಉಂಟು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವೆಂದು ಮಲಗಿದವನು ಏಳದೆ ಹೋಗಬಹುದು.

ರೈಲುಹಳಿಯ ವ್ಯಾಮೋಹವಂತೂ ಹೇಳತೀರದು. ಅಮೆರಿಕದ ಜಾರ್ಜಿಯಾ ಸಂಸ್ಥಾನದಲ್ಲಿ 2014ನೆಯ ಫೆಬ್ರವರಿ 20ರಂದು, ರೈಲ್ವೆಯವರ ಅನುಮತಿಯಿಲ್ಲದೆ ನದಿಯ ಮೇಲಣ ಸೇತುವೆಯ ಹಳಿಗಳ ಮೇಲೆ ಮಂಚವನ್ನಿಟ್ಟು ಚಿತ್ರ ತೆಗೆಯುತ್ತಿರುವಾಗ ಗಾಡಿ ಬಂದು, ಕ್ಯಾಮರಾ ಸಹಾಯಕಿಯಾಗಿದ್ದ 27 ವರ್ಷದ ಸಾರಾ ಜೋನ್ಸ್ ಮೃತಳಾದಳು. ನಿರ್ದೇಶಕನು ಸೆರೆಮನೆಗೆ ಹೋದನು. ನಮ್ಮಲ್ಲಿಯೂ 1989ರ ರೈಲ್ವೆ ಕಾಯಿದೆಯ 147ನೆಯ ಪ್ರಕರಣದಂತೆ ಹಳಿಗಳ ಮೇಲೆ ಅತಿಕ್ರಮಿಸುವುದು ಆರು ತಿಂಗಳವರೆಗೆ ಸೆರೆವಾಸಕ್ಕೆ ಗುರಿಮಾಡಬಹುದಾದ ಅಪರಾಧ. ಆಟಿಕೆಯ ಕೋವಿಯನ್ನು ಬೀದಿಯಲ್ಲಿ ಝಳಪಿಸುವವರು ಮೊದಲು ಪೊಲೀಸು ಠಾಣೆಗೂ ನೆರೆಹೊರೆಗೂ ತಿಳಿಸಿರಬೇಕೆಂದಷ್ಟೇ ಇಲ್ಲಿ ಹೇಳುತ್ತೇವೆ.

ಯಾರೂ ಲೆಕ್ಕಕ್ಕೆ ಹಿಡಿಯದ ಶತ್ರುವೆಂದರೆ ನಿದ್ದೆಗೇಡಿತನ. ಕ್ಯಾಮರಾದ ಬಾಡಿಗೆ ದಿನದ ಲೆಕ್ಕವಾದುದರಿಂದ ಹುಡುಗರು ಇಪ್ಪತ್ತು ಗಂಟೆಗಳ ಕಾಲ ಎಡೆಬಿಡದೆ ದುಡಿದು, ಬೆಳಗಿನ ಜಾವ ದ್ವಿಚಕ್ರ ವಾಹನದ ಮೇಲೆ ಮೂವರಾಗಿ ಮನೆಗೆ ಹೊರಡುತ್ತಾರೆ. ತಂಡದಲ್ಲಿ ನಟನೆಯೂ ಕ್ಯಾಮರಾವೂ ಪಾಲಿಗಿಲ್ಲದ ಒಬ್ಬನಿರಬೇಕು. “ನಿಲ್ಲಿಸಿ” ಎಂದು ಅವನೆಂದರೆ ನಿರ್ದೇಶಕನೂ ನಿಲ್ಲಿಸಬೇಕು. ಹತ್ತಿರದ ಆಸ್ಪತ್ರೆಯ ವಿಳಾಸವೂ, 112 ಎಂಬ ತುರ್ತು ಸಂಖ್ಯೆಯೂ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೂ ಅವನ ವಶದಲ್ಲಿರತಕ್ಕದ್ದು. ಇದಕ್ಕೆ ಖರ್ಚು ಬೀಳುವುದಿಲ್ಲ.

ಅಧಿಕಾರಿ ಮಹಾಶಯರಲ್ಲಿಯೂ ಒಂದು ವಿಜ್ಞಾಪನೆ. ಉದ್ಯಾನ, ಕೆರೆಯ ಏರಿ, ಹಳೆಯ ಕಟ್ಟಡ ಇವುಗಳಲ್ಲಿ ಚಿತ್ರ ತೆಗೆಯಲು ಅಪ್ಪಣೆ ಕೇಳಿ ಬರುವ ವಿದ್ಯಾರ್ಥಿಯನ್ನು ಒಂದು ಮೇಜಿನಿಂದ ಮತ್ತೊಂದಕ್ಕೆ ಅಲೆಸಿ, ದೊಡ್ಡ ನಿರ್ಮಾಪಕನಿಗೆ ವಿಧಿಸುವ ಶುಲ್ಕವನ್ನೇ ಅವನಿಗೂ ವಿಧಿಸಿದರೆ, ಅವನು ಮರುದಿನ ಕತ್ತಲಲ್ಲಿ ಕೇಳದೆಯೇ ಗೋಡೆ ಹಾರುವನು. ಆಗ ಅವನಿಗೆ ಕಾವಲುಗಾರನಿಲ್ಲ, ದೀಪವಿಲ್ಲ. ಬಿದ್ದರೂ ಕೂಗಿಕೊಳ್ಳಲು ಧೈರ್ಯವಿಲ್ಲ. ಸುಲಭವಾದ ಅಪ್ಪಣೆಯೂ ಒಂದು ಬಗೆಯ ರಕ್ಷಣೆಯೆಂಬುದನ್ನು ಕಚೇರಿಗಳು ಗಮನಿಸುವುದಾಗಲಿ. ಕಾಲೇಜಿನವರಾದರೂ ಅಂಕಗಳನ್ನು ಕೊಡುವಾಗ ಚಿತ್ರವನ್ನು ಮಾತ್ರ ನೋಡುತ್ತಾರೆಯೇ ಹೊರತು, ಅದನ್ನು ತೆಗೆದ ಬಗೆಯನ್ನು ಕೇಳುವುದಿಲ್ಲ.

ಎಂಟು ದಿನಗಳ ತರುವಾಯ ಅದೇ ನಾಲ್ವರು ಮತ್ತೆ ಬಂದರು. ಮೋಟುಗೋಡೆಯ ಓಟವನ್ನು ಕೈಬಿಟ್ಟಿದ್ದರು. ತಾರಸಿಯ ನಡುವೆ ಎರಡಡಿ ಎತ್ತರಕ್ಕೆ ಇಟ್ಟಿಗೆಯ ಗೋಡೆಯೊಂದನ್ನು ಕಟ್ಟಿ, ಅದರ ಇಕ್ಕೆಲಗಳಲ್ಲಿ ಹಾಸಿಗೆಗಳನ್ನು ಹರಡಿ, ಕ್ಯಾಮರಾವನ್ನು ನೆಲಕ್ಕೆ ತಾಗುವಂತಿರಿಸಿ ಆಕಾಶವನ್ನು ಹಿನ್ನೆಲೆಯಾಗಿ ತೆಗೆದರೆ ನಲವತ್ತಡಿಯ ಭ್ರಮೆ ಬರುವುದೆಂದು ಕಾಗದದ ಮೇಲೆ ಬರೆದು ತೋರಿಸಿದರು. ನಾವು ಬೀಗದ ಕೈಯನ್ನು ಕೊಟ್ಟೆವು. ನಮ್ಮ ಅಚ್ಚುಕೂಟದ ಎಲೆಕ್ಟ್ರಿಷಿಯನ್ನನು ದೀಪಗಳನ್ನೆಲ್ಲ ಪರೀಕ್ಷಿಸಿ ರಾತ್ರಿ ಹನ್ನೊಂದರವರೆಗೂ ಅವರೊಡನಿದ್ದನು. ಹನ್ನೊಂದಕ್ಕೆ ಸರಿಯಾಗಿ ಅವನು ಮೈನ್ ಸ್ವಿಚ್ಚನ್ನು ಆರಿಸಿದನೆಂದು ಆ ಹುಡುಗರಿಗೆ ಈಗಲೂ ಸ್ವಲ್ಪ ಅಸಮಾಧಾನವಿದೆ.