ಬ್ಯಾಟರಿ ಬದಲಿಸಿದರೆ ಸಾಲದು, ಕಾರಿಗೂ ತಿಳಿಸಬೇಕು

ದಾವಣಗೆರೆ: ಕಾರಿನ ಬ್ಯಾಟರಿ ಬದಲಾವಣೆ ಒಂದು ಕಾಲಕ್ಕೆ ಬೆಣ್ಣೆ ದೋಸೆ ತಿಂದು ಬರುವಷ್ಟರಲ್ಲಿ ಮುಗಿಯುವ ಕೆಲಸವಾಗಿತ್ತು. ಎರಡು ಟರ್ಮಿನಲ್ ಬಿಚ್ಚಿ, ಹಳೆಯದನ್ನು ಇಳಿಸಿ, ಹೊಸದನ್ನು ಕೂರಿಸಿದರೆ ಆಯಿತು. ಈಗಲೂ ಅನೇಕ ಕಾರುಗಳಿಗೆ ಅಷ್ಟೇ ಸಾಕು. ಆದರೆ ಕಳೆದ ಎರಡು ದಶಕಗಳಲ್ಲಿ ತಯಾರಾದ ಕೆಲವು ಕಾರುಗಳಲ್ಲಿ ಮತ್ತೊಂದು ಹಂತ ಸೇರಿಕೊಂಡಿದೆ. ಹೊಸ ಬ್ಯಾಟರಿ ಬಂದಿದೆ ಎಂಬ ಸಂಗತಿಯನ್ನು ಕಾರಿನೊಳಗಿನ ಕಂಪ್ಯೂಟರ್‌ಗೆ ತಿಳಿಸಬೇಕು. ಇದನ್ನು ಮರೆತರೆ ಕಾರು ಅಂದೇ ಕೈಕೊಡುವುದಿಲ್ಲ. ಸಾವಿರಾರು ರೂಪಾಯಿ ತೆತ್ತು ತಂದ ಬ್ಯಾಟರಿ ಮಾತ್ರ ಅವಧಿಗೆ ಮುನ್ನವೇ ಸೊರಗತೊಡಗುತ್ತದೆ.

ಬಯಲುಸೀಮೆಯ ಬಿಸಿಲು ಬ್ಯಾಟರಿಯ ಮೊದಲ ಶತ್ರು. ಉಷ್ಣಾಂಶ ಸುಮಾರು 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಂತೆ ಬ್ಯಾಟರಿಯ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ತಂತ್ರಜ್ಞರ ಸ್ಥೂಲ ಲೆಕ್ಕಾಚಾರ. ಏಪ್ರಿಲ್‌ನ ಮಧ್ಯಾಹ್ನ ಪಿ.ಬಿ. ರಸ್ತೆಯ ಬದಿಯಲ್ಲಿ ನಿಲ್ಲಿಸಿದ ಕಾರಿನ ಬಾನೆಟ್ ಕೆಳಗಿನ ಬಿಸಿಯನ್ನು ಊಹಿಸಿಕೊಳ್ಳಬಹುದು. ಎರಡನೆಯ ಶತ್ರು, ಸಣ್ಣ ಸಣ್ಣ ಓಡಾಟ. ಮನೆಯಿಂದ ಮಾರುಕಟ್ಟೆಗೆ, ಮಾರುಕಟ್ಟೆಯಿಂದ ಶಾಲೆಗೆ ಎಂದು ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುತ್ತಿದ್ದರೆ ಬ್ಯಾಟರಿ ಪೂರ್ಣ ಚಾರ್ಜ್ ಆಗುವುದೇ ಇಲ್ಲ. ಆ ದೃಷ್ಟಿಯಿಂದ ದಿನವೂ ಹರಿಹರಕ್ಕೆ ಹೋಗಿ ಬರುವವರ ಕಾರು ಹೆಚ್ಚು ಪುಣ್ಯ ಮಾಡಿದೆ ಎನ್ನಬೇಕು.

12 ವೋಲ್ಟ್ ಎಂದು ಕರೆಯಲಾಗುವ ಬ್ಯಾಟರಿಯಲ್ಲಿ ತಲಾ ಸುಮಾರು 2.1 ವೋಲ್ಟ್‌ನ ಆರು ಸೆಲ್‌ಗಳಿರುತ್ತವೆ. ಕೆಲವು ಗಂಟೆ ವಿಶ್ರಾಂತಿಯಲ್ಲಿದ್ದ, ಪೂರ್ಣ ಚಾರ್ಜ್ ಆದ ಬ್ಯಾಟರಿ ಮೀಟರ್‌ನಲ್ಲಿ 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸುತ್ತದೆ. 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. ಸೆಲ್ಫ್ ಹೊಡೆದಾಗ ಅದು 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಬಗ್ಗೆ ಅನುಮಾನ ಪಡಬೇಕು. ಕೇವಲ ಚಾರ್ಜ್ ಇಳಿದಿದೆಯೋ, ಬ್ಯಾಟರಿಯೇ ಮುಪ್ಪಾಗಿದೆಯೋ ಎಂಬುದು ಚಾರ್ಜ್ ಮಾಡಿ ಲೋಡ್ ಟೆಸ್ಟ್ ನಡೆಸಿದ ಮೇಲಷ್ಟೇ ತಿಳಿಯುತ್ತದೆ.

ಕಾರು ಇಡುವ ಲೆಕ್ಕ

ಹಳೆಯ ಕಾರುಗಳಲ್ಲಿ ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್, ಅಂದರೆ ಗ್ಯಾರೇಜ್ ಭಾಷೆಯ ಡೈನಮೋ, ಸುಮಾರು 14 ವೋಲ್ಟ್‌ನಲ್ಲಿ ಒಂದೇ ಸಮನೆ ಚಾರ್ಜ್ ಮಾಡುತ್ತದೆ. ಹೊಸ ಬಗೆಯ ಕಾರುಗಳಲ್ಲಿ ಹೀಗಲ್ಲ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಮೇಲೆ ಪುಟ್ಟ ಸೆನ್ಸರ್ ಕುಳಿತಿರುತ್ತದೆ. ಒಳಬರುವ, ಹೊರಹೋಗುವ ವಿದ್ಯುತ್ತು ಹಾಗೂ ಉಷ್ಣಾಂಶವನ್ನು ಅದು ಅಳೆಯುತ್ತದೆ. ಬ್ಯಾಟರಿಗೆ ಎಷ್ಟು ವಯಸ್ಸಾಗಿದೆ ಎಂಬ ಲೆಕ್ಕವನ್ನು ಕಂಪ್ಯೂಟರ್ ಇಟ್ಟುಕೊಂಡು ಅದಕ್ಕೆ ತಕ್ಕಂತೆ ಚಾರ್ಜ್ ಪ್ರಮಾಣವನ್ನು ಏರಿಸುತ್ತದೆ, ಇಳಿಸುತ್ತದೆ. ಇಂತಹ ಕಾರಿನಲ್ಲಿ ಮೀಟರ್ ಒಮ್ಮೆ 12.8, ಮತ್ತೊಮ್ಮೆ 14.8 ತೋರಿಸಿದರೂ ಅದು ಸಹಜ. ಇದನ್ನರಿಯದೆ ‘ಡೈನಮೋ ಹೋಗಿದೆ’ ಎಂದು ತೀರ್ಪು ಕೊಡುವವರಿದ್ದಾರೆ. ಗ್ರಾಹಕರು ಎಚ್ಚರ ವಹಿಸುವುದು ಒಳಿತು.

ತೊಡಕು ಶುರುವಾಗುವುದು ಇಲ್ಲಿಯೇ. ಹೊಸ ಬ್ಯಾಟರಿ ಕೂರಿಸಿ ಸುಮ್ಮನಾದರೆ ಕಂಪ್ಯೂಟರ್‌ನ ಕಡತದಲ್ಲಿ ಇನ್ನೂ ಐದು ವರ್ಷದ ಮುದಿ ಬ್ಯಾಟರಿಯೇ ಇರುತ್ತದೆ. ಎಳೆಯ ಬ್ಯಾಟರಿಗೆ ಮುದುಕನ ಪಥ್ಯ! ಪರಿಣಾಮವಾಗಿ ಅಗತ್ಯಕ್ಕಿಂತ ಹೆಚ್ಚು ಚಾರ್ಜ್ ಆಗಬಹುದು. ಸಿಗ್ನಲ್‌ನಲ್ಲಿ ಎಂಜಿನ್ ತಾನಾಗಿ ನಿಂತು ಚಾಲೂ ಆಗುವ ಸ್ಟಾರ್ಟ್-ಸ್ಟಾಪ್ ವ್ಯವಸ್ಥೆ ಕೆಲಸ ಮಾಡದೆ ಹೋಗಬಹುದು.

ಬಿಎಂಡಬ್ಲ್ಯು ಕಾರುಗಳಲ್ಲಿ ಈ ಕೆಲಸಕ್ಕೆ ಎರಡು ಮಜಲು. ಹಳೆಯದರಂಥದ್ದೇ ಬ್ಯಾಟರಿ ಹಾಕಿದರೆ ಸ್ಕ್ಯಾನರ್ ಮೂಲಕ ‘ಬದಲಾಯಿತು’ ಎಂದು ದಾಖಲಿಸುವ ರಿಜಿಸ್ಟ್ರೇಷನ್ ಸಾಕು. ಆಂಪಿಯರ್-ಅವರ್ ಸಾಮರ್ಥ್ಯ ಬೇರೆಯಾದರೆ ಅಥವಾ ಸಾಮಾನ್ಯ ಬ್ಯಾಟರಿಯ ಜಾಗಕ್ಕೆ ಎಜಿಎಂ ಬಗೆಯದು ಬಂದರೆ ಕೋಡಿಂಗ್ ಕೂಡ ಆಗಬೇಕು. ಆಡಿ ಹಾಗೂ ಫೋಕ್ಸ್‌ವ್ಯಾಗನ್ ಸಮೂಹದ ಕೆಲವು ಮಾದರಿಗಳು ಬ್ಯಾಟರಿಯ ಸಾಮರ್ಥ್ಯ, ತಯಾರಕರು ಮತ್ತು ಕ್ರಮಸಂಖ್ಯೆಯನ್ನೂ ಕೇಳುತ್ತವೆ.

ಹಾಗೆಂದು ಸೆನ್ಸರ್ ಕಂಡ ಕಾರಿಗೆಲ್ಲ ಕೋಡಿಂಗ್ ಬೇಕೆಂದಿಲ್ಲ. ಕೆಲವು ಕಾರುಗಳು ಕೆಲವು ಗಂಟೆ ಲಾಕ್ ಆಗಿ ನಿಂತರೆ ಹೊಸ ಬ್ಯಾಟರಿಯ ಸ್ಥಿತಿಯನ್ನು ತಾವೇ ಕಲಿತುಕೊಳ್ಳುತ್ತವೆ. ಮಾರುತಿ 800ರಂತಹ ಹಳೆಯ ಕಾರುಗಳಿಗಂತೂ ಈ ಮಾತೇ ಅನ್ವಯಿಸದು. ಬೇಡದ ಕೋಡಿಂಗ್‌ಗೆ ದುಡ್ಡು ಕೊಡುವುದೂ ನಷ್ಟವೇ. ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ ನೋಡಿ ಅಥವಾ ಕಂಪನಿಯ ಸೇವಾ ಕೇಂದ್ರಕ್ಕೆ ದೂರವಾಣಿ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು.

ಸ್ಪ್ಯಾನರ್ ಮಾತ್ರವಲ್ಲ, ಸ್ಕ್ಯಾನರ್ ಕೂಡ

ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್‌ಗಳಿಂದ ಹೆಸರಾದ ಹರಿಹರದಲ್ಲಿ ಯಂತ್ರ ಬಲ್ಲವರಿಗೆ ಬರವಿಲ್ಲ. ಇಲ್ಲಿ ಬೇಕಾದದ್ದು ಸರಿಯಾದ ಸ್ಕ್ಯಾನರ್. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಜೋಡಿಸುವ ಎಲ್ಲ ಸ್ಕ್ಯಾನರ್‌ಗಳೂ ಇದನ್ನು ಮಾಡಲಾರವು. ಅಗ್ಗದವು ದೋಷ ಸಂಕೇತಗಳನ್ನು ಓದಿ ಅಳಿಸುತ್ತವೆ, ಅಷ್ಟೆ. ‘ಎರರ್ ತೆಗೆದಿದ್ದೇವೆ ಸರ್’ ಎಂಬ ಮಾತು ರಿಜಿಸ್ಟ್ರೇಷನ್ ಆಗಿದೆ ಎಂಬುದಕ್ಕೆ ಪುರಾವೆಯಲ್ಲ. ನಿಮ್ಮ ಮಾದರಿಗೆ ಬ್ಯಾಟರಿ ಬದಲಾವಣೆ ದಾಖಲಿಸುವ ಸೌಲಭ್ಯ ಇದೆಯೇ ಎಂದು ಬ್ಯಾಟರಿ ಕೊಳ್ಳುವ ಮೊದಲೇ ಕೇಳಿ. ಮುಗಿದ ಮೇಲೆ ಪರದೆ ತೋರಿಸಲು ಹೇಳಿ. ಸಮೀಪದಲ್ಲಿ ಅಂತಹವರು ಸಿಗದಿದ್ದರೆ ಗಾಬರಿ ಬೇಡ. ಅದೇ ಬಗೆಯ, ಅದೇ ಸಾಮರ್ಥ್ಯದ ಬ್ಯಾಟರಿ ಹಾಕಿಸಿ, ಮುಂದಿನ ಕೆಲವು ದಿನಗಳಲ್ಲಿ ಅನುಕೂಲವಿರುವ ಊರಿಗೆ ಕಾರು ಓಡಿಸಿಕೊಂಡು ಹೋಗಿ ಕೆಲಸ ಮುಗಿಸಬಹುದು. ಸ್ಟಾರ್ಟ್-ಸ್ಟಾಪ್ ಕಾರಿಗೆ ಎಜಿಎಂ ಅಥವಾ ಇಎಫ್‌ಬಿ ಬ್ಯಾಟರಿ ಇದ್ದಲ್ಲಿ ಅಗ್ಗವೆಂದು ಸಾಮಾನ್ಯ ಬ್ಯಾಟರಿ ಹಾಕಿಸುವುದು ಮಾತ್ರ ಸಲ್ಲದು.

ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಈ ಕ್ರಮ ತಪ್ಪಿದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುವ ಅಪಾಯವಿದೆ. ಬಿಗಿಯಾದ ಕ್ಲ್ಯಾಂಪ್‌ಗೆ ಸುತ್ತಿಗೆ ಏಟು ಕೊಡುವ ರೂಢಿ ಕೆಲವೆಡೆ ಇದೆ. ಸೆನ್ಸರ್ ಇರುವ ಕಾರಿನಲ್ಲಿ ಅದು ದುಬಾರಿ ಏಟು. ಡಿಕ್ಕಿಯಲ್ಲಿ ಬ್ಯಾಟರಿ ಇರುವ ಕಾರುಗಳಲ್ಲಿ ಅನಿಲ ಹೊರಹೋಗುವ ಸಣ್ಣ ಕೊಳವೆಯನ್ನು ಮತ್ತೆ ಜೋಡಿಸಿದ್ದಾರೆಯೇ ಎಂದು ನೋಡಿಕೊಳ್ಳಬೇಕು. ಗಡಿಯಾರ, ಕಿಟಕಿ ಗಾಜಿನ ಆಟೊ ಬಟನ್ ತಾತ್ಕಾಲಿಕವಾಗಿ ಸರಿಯಿಲ್ಲದಿದ್ದರೆ ಅದು ದೋಷವಲ್ಲ, ಮತ್ತೆ ಹೊಂದಿಸಿದರೆ ಸರಿಹೋಗುತ್ತದೆ.

ಉಳಿದದ್ದು ಹಳೆಯ ಬ್ಯಾಟರಿ. ಅದರೊಳಗೆ ಸೀಸ ಹಾಗೂ ಗಂಧಕಾಮ್ಲ ಇರುವುದರಿಂದ ಗುಜರಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಕೆದಾರರು ಅದನ್ನು ಇತರ ಕಸದಿಂದ ಪ್ರತ್ಯೇಕವಾಗಿಟ್ಟು, ಸಂಗ್ರಹಿಸುವ ಅಥವಾ ಮರುಬಳಕೆ ಮಾಡುವ ಸಂಸ್ಥೆಗೆ ಒಪ್ಪಿಸಬೇಕು. ಬ್ಯಾಟರಿ ಅಂಗಡಿಗಳು ಸಾಮಾನ್ಯವಾಗಿ ಹಳೆಯದನ್ನು ಪಡೆದು ಹೊಸದರ ಬೆಲೆಯಲ್ಲಿ ಒಂದಿಷ್ಟು ಕಡಿತ ಮಾಡುತ್ತವೆ. ಆ ಮೊತ್ತವನ್ನು ಬಿಲ್‌ನಲ್ಲಿ ನಮೂದಿಸಿಕೊಳ್ಳಿ, ವಾರಂಟಿ ಕಾರ್ಡ್‌ನಲ್ಲಿ ದಿನಾಂಕ ಬರೆಸಿಕೊಳ್ಳಿ.