ಆಕೆ ಏನು ಯೋಚಿಸುತ್ತಿದ್ದಾಳೆ?

ಮಗಳು ಬರೆದ ಹುಡುಗಿಯ ಚಿತ್ರದಲ್ಲಿ ಮುಖ ಹಸಿರಾಗಿದ್ದರೆ, ಕಣ್ಣು ಅಳತೆ ಮೀರಿದ್ದರೆ ನಾವೇನನ್ನುತ್ತೇವೆ? ‘ಇದು ಯಾರಂಗೂ ಕಾಣವಲ್ದವಾ’ ಎಂದುಬಿಡುತ್ತೇವೆ. ಗದಗ-ಬೆಟಗೇರಿಯಿರಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯಿರಲಿ, ಮಾತು ಇದೇ. ಮಗಳು ಹಾಳೆ ಮಡಚಿ ಚೀಲಕ್ಕೆ ಹಾಕುತ್ತಾಳೆ. ಮುಂದಿನ ಚಿತ್ರವನ್ನು ನಮಗೆ ತೋರಿಸುವುದಿಲ್ಲ.

ರವೀಂದ್ರನಾಥ ಠಾಕೂರರು ಬರೆದ ತರುಣಿಯರ ಮುಖಗಳನ್ನು ಒಮ್ಮೆ ನೋಡಬೇಕು. ಕೋಲುಮುಖ, ಕಪ್ಪು-ಕಂದು ನೆರಳು, ಎಲ್ಲೋ ನೆಟ್ಟ ಕಣ್ಣು. ನಗೆಯಿಲ್ಲ. ಆಕೆ ಯಾರೆಂಬುದಕ್ಕಿಂತ ಆಕೆಯ ಒಳಗೇನು ನಡೆದಿದೆ ಎಂಬುದೇ ಅಲ್ಲಿ ಮುಖ್ಯ. ಕಂಡದ್ದಕ್ಕಿಂತ ಅನಿಸಿದ್ದನ್ನು ಬಣ್ಣದಲ್ಲಿ ಹೇಳುವ ಬಗೆಗೆ ಅಭಿವ್ಯಕ್ತಿವಾದ ಎಂದು ಹೆಸರು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಬೆಳೆದ ಪಂಥವಿದು. ಅಲ್ಲಿನ ಬೌಹೌಸ್ ಶಾಲೆಯ ಕಲಾವಿದರ ಕೃತಿಗಳು 1922ರಲ್ಲಿಯೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡಿದ್ದವು.

ಠಾಕೂರರು ಕಲಾಶಾಲೆಯಿಂದ ಬಂದವರಲ್ಲ. ಕವಿತೆಯ ಹಸ್ತಪ್ರತಿಯಲ್ಲಿ ತಾವೇ ಹೊಡೆದುಹಾಕಿದ ಸಾಲುಗಳನ್ನು ಜೋಡಿಸಿ ಗೆರೆ ಎಳೆಯುತ್ತ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನವಾದಾಗ ವಯಸ್ಸು ಎಪ್ಪತ್ತರ ಹತ್ತಿರ. ಬರೆದ ಚಿತ್ರಗಳು 2,000ಕ್ಕೂ ಹೆಚ್ಚು. ತಪ್ಪಾದ ಸಾಲಿನಿಂದಲೇ ಹುಟ್ಟಿದ ಕಲೆಯಿದು, ವಿದ್ಯಾರ್ಥಿಗಳೇ, ನೆನಪಿಡಿ.

ಗದಗಿಗೂ ಚಿತ್ರಕಲೆ ಹೊಸದಲ್ಲ. ಟಿ.ಪಿ. ಅಕ್ಕಿಯವರು ಇಲ್ಲಿಯೇ ಕಲಾಶಾಲೆ ಕಟ್ಟಿ ಬೆಳೆಸಿದರು. ಅಂಥ ಊರಿನ ಪಾಲಕರು ‘ಯಾರಂಗ ಐತಿ?’ ಎನ್ನುವ ಬದಲು ‘ಈಕಿ ಏನ್ ವಿಚಾರ ಮಾಡಾಕತ್ತಾಳ?’ ಎಂದು ಕೇಳಿ ನೋಡಲಿ. ಉತ್ತರದಲ್ಲಿ ಮಗಳ ಮನಸ್ಸೇ ಸಿಕ್ಕೀತು.