ಬಿಳಿಗಿರಿ ಮತ್ತು ಮಾದೇಶನ ಮಲೆ

ಪರ್ವತವನ್ನು ದೈವದ ನಿವಾಸವೆಂದು ಭಾವಿಸಿ, ಅದನ್ನು ನಡೆದು ಹತ್ತುವುದನ್ನೇ ಒಂದು ಸಾಧನೆಯೆಂದು ಎಣಿಸುವ ಪದ್ಧತಿ ಅನೇಕ ದೇಶಗಳಲ್ಲುಂಟು. ಜಪಾನಿನ ಹಗುರೋ ಪರ್ವತದಲ್ಲಿ ಯಾತ್ರಿಕರು ಮಹಾವೃಕ್ಷಗಳ ನೆರಳಿನಲ್ಲಿ ೨,೪೪೬ ಕಲ್ಲುಮೆಟ್ಟಿಲುಗಳನ್ನು ಏರುತ್ತಾರೆ. ಅದೇ ದೇಶದ ಕೀ ಪರ್ವತಪ್ರಾಂತದ ನಾಚಿ ಎಂಬಲ್ಲಿ ೧೩೩ ಮೀಟರು ಎತ್ತರದ ಜಲಪಾತವೇ ಆರಾಧ್ಯದೈವ. ಆ ಪ್ರಾಂತದ ಯಾತ್ರಾಮಾರ್ಗಗಳು ೨೦೦೪ನೆಯ ಇಸವಿಯಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆದರೆ ಕಾಡೂ ಗುಡಿಯೂ ಒಂದೇ ಎಂಬ ಈ ಭಾವನೆಯನ್ನು ಕಾಣುವುದಕ್ಕೆ ಕನ್ನಡಿಗರು ಸಮುದ್ರವನ್ನು ದಾಟಬೇಕಾದುದಿಲ್ಲ. ಮೈಸೂರಿನಿಂದ ಬೆಳಗ್ಗೆ ಹೊರಟವರು ಮಧ್ಯಾಹ್ನದೊಳಗೆ ಅಂತಹ ಪ್ರದೇಶವನ್ನು ಸೇರಬಹುದು.

ಯಳಂದೂರು, ಕೊಳ್ಳೇಗಾಲ, ಹನೂರು ಇವು ಮೂರೂ ಈಗ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಹಿಂದೆ ಹೀಗಿರಲಿಲ್ಲ. ಯಳಂದೂರು ಮೈಸೂರು ಸಂಸ್ಥಾನದೊಳಗೆ ದಿವಾನ್ ಪೂರ್ಣಯ್ಯನವರ ಮನೆತನದ ಜಹಗೀರಾಗಿತ್ತು. ಕೊಳ್ಳೇಗಾಲವು ೧೯೫೬ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು. ರಾಜ್ಯಗಳ ಎಲ್ಲೆ ನಡುವೆ ಹಾದುಹೋಗಿದ್ದರೂ ಯಾತ್ರಿಕರಿಗೆ ಆ ಎಲ್ಲೆ ಎಂದೂ ಅಡ್ಡಿಯಾಗಲಿಲ್ಲ.

ಯಳಂದೂರಿನ ಕಡೆಯಿಂದ ನೋಡಿದರೆ ಬೆಟ್ಟದ ಬಿಳಿಯ ಬಂಡೆ ದೂರಕ್ಕೆ ಕಾಣುತ್ತದೆ. ಬಿಳಿಗಿರಿಯೆಂಬ ಹೆಸರಿಗೆ ಅದೇ ಕಾರಣ. ಪಶ್ಚಿಮಘಟ್ಟ ಪೂರ್ವಘಟ್ಟಗಳ ನಡುವೆ ಸೇತುವೆಯಂತೆ ಹಬ್ಬಿರುವ ಶ್ರೇಣಿ ಇದು. ಆದುದರಿಂದ ಬುಡದಲ್ಲಿ ಕುರುಚಲು ಕಾಡು, ಮೇಲೆ ಎಲೆಯುದುರುವ ಕಾಡು, ಇನ್ನೂ ಮೇಲೆ ಶೋಲಾ ಅರಣ್ಯ ಮತ್ತು ಹುಲ್ಲುಗಾವಲು, ಹೀಗೆ ಒಂದೇ ಏರಿಕೆಯಲ್ಲಿ ಹಲವು ಬಗೆಯ ವನಗಳನ್ನು ನಾವು ದಾಟುತ್ತೇವೆ. ಶಿಖರದಲ್ಲಿರುವ ರಂಗನಾಥನು ಕಾಡಿನ ಸೋಲಿಗರಿಗೆ ಕೇವಲ ದೇವರಲ್ಲ, ಭಾವ. ಅವರ ಕುಲದ ಕುಸುಮಾಲೆಯನ್ನು ಆತನು ವರಿಸಿದನೆಂದು ಅವರ ಹಾಡುಗಳು ಹೇಳುತ್ತವೆ. ಸ್ವಾಮಿಯು ಕಾಡಿನಲ್ಲಿ ಸಂಚರಿಸುವನೆಂಬ ನಂಬಿಕೆಯಿಂದ ಭಕ್ತರು ಆತನಿಗೆ ದೊಡ್ಡ ಚರ್ಮದ ಪಾದರಕ್ಷೆಗಳನ್ನು ಒಪ್ಪಿಸುತ್ತಾರೆ. ಕಾಡಿನ ಒಳಗೆ ದೊಡ್ಡಸಂಪಿಗೆಯೆಂಬ ಮಹಾವೃಕ್ಷವಿದೆ. ಅದಕ್ಕೆ ಗೋಡೆಯಿಲ್ಲ, ಗೋಪುರವಿಲ್ಲ. ಸೋಲಿಗರಿಗೆ ಅದೇ ಗುಡಿ.

ಹನೂರಿನ ಆಚೆ ಎಪ್ಪತ್ತೇಳು ಮಲೆಗಳ ಒಡೆಯನೆಂದು ಹಾಡಿಸಿಕೊಳ್ಳುವ ಮಾದೇಶ್ವರನ ನೆಲೆ. ಆತನು ಹುಲಿಯನ್ನು ವಾಹನ ಮಾಡಿಕೊಂಡವನು. ಕಂಸಾಳೆಯನ್ನು ಹಿಡಿದ ದೇವರಗುಡ್ಡರು ಆತನ ಕಥೆಯನ್ನು ತಲೆಮಾರುಗಳಿಂದ ಬಾಯಿಂದ ಬಾಯಿಗೆ ಸಾಗಿಸಿದ್ದಾರೆ. ಇಲ್ಲಿಯ ಅರ್ಚಕರು ಬೇಡಗಂಪಣರು. ದೀಪಾವಳಿಯಲ್ಲಿ ಆ ಸಮುದಾಯದ ಹೆಣ್ಣುಮಕ್ಕಳು ಕಾಡಿನ ಹಳ್ಳದಿಂದ ನೀರನ್ನು ಹೊತ್ತು ತರುತ್ತಾರೆ. ಸ್ವಾಮಿಗೆ ಅದರಿಂದ ಅಭಿಷೇಕ. ಹಾಲರವಿಯೆಂಬ ಈ ಉತ್ಸವದ ಅರ್ಥ ಸುಲಭವಾದುದು: ಕಾಡು ಒಣಗಿದರೆ ಪೂಜೆಯೇ ನಿಲ್ಲುತ್ತದೆ.

ಇಷ್ಟನ್ನು ನೋಡಿ ಸಂತೋಷಪಟ್ಟು ಹಿಂದಿರುಗಿದರೆ ನಾವು ಅರ್ಧವನ್ನು ಮಾತ್ರ ಕಂಡಂತಾಯಿತು. ೧೯೭೪ರಲ್ಲಿ ಬಿಳಿಗಿರಿಯ ಕಾಡು ವನ್ಯಜೀವಿಧಾಮವಾಯಿತು. ಕಾಡಿನೊಳಗೆ ಚದರಿದ್ದ ಸೋಲಿಗರನ್ನು ಅಂಚಿನ ಪೋಡುಗಳಿಗೆ ತಂದು ನೆಲೆಗೊಳಿಸಿದರು. ಅವರ ಬೇಟೆಯೂ ಕುಮರಿ ಬೇಸಾಯವೂ ನಿಂತುವು. ನೆಲದ ತರಗೆಲೆಗೆ ಬೇಸಗೆಯ ಮೊದಲೇ ಅವರು ಹಾಕುತ್ತಿದ್ದ ತರಗುಬೆಂಕಿಯೂ ನಿಷಿದ್ಧವಾಯಿತು. ಅದು ನಿಂತ ಮೇಲೆಯೇ ಲಂಟಾನದ ಪೊದೆ ಎಲ್ಲೆಲ್ಲೂ ಹಬ್ಬಿ ಹುಲ್ಲನ್ನೂ ಎಳೆಯ ಸಸಿಗಳನ್ನೂ ನುಂಗಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಕಾಡನ್ನು ಬಲ್ಲವರನ್ನು ಕಾಡಿನಿಂದ ಹೊರಗಿಟ್ಟು ಕಾಡನ್ನು ಉಳಿಸಬಹುದೇ ಎಂಬುದು ಇಲ್ಲಿಯ ದೊಡ್ಡ ಪ್ರಶ್ನೆ. ೨೦೧೧ರಲ್ಲಿ ಈ ಅರಣ್ಯವು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, ೨೦೦೬ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ, ಸೋಲಿಗರ ಗ್ರಾಮಸಭೆಗಳಿಗೆ ಜೇನು, ನೆಲ್ಲಿ ಮುಂತಾದುವನ್ನು ಸಂಗ್ರಹಿಸುವ ಸಮುದಾಯದ ಹಕ್ಕು ದೊರೆಯಿತು. ಹುಲಿಯ ಕಾಡಿನಲ್ಲಿ ಮನುಷ್ಯರ ಹಕ್ಕನ್ನು ಹೀಗೆ ಮನ್ನಿಸಿದುದು ದೇಶದಲ್ಲಿ ಅದೇ ಮೊದಲು.

ಮರವನ್ನು ಹತ್ತಲಾರದ ಹುಲಿಗೆಂದು ಸ್ವಲ್ಪ ಜೇನನ್ನು ನೆಲದ ಮೇಲೆ ಬಿಟ್ಟುಬರುವುದು ತಮ್ಮ ರೂಢಿಯೆಂದು ಸೋಲಿಗರು ಹೇಳುವುದುಂಟು. ಇದರ ಪಕ್ಕದಲ್ಲಿಯೇ ಇನ್ನೊಂದು ಸಂಗತಿಯನ್ನು ಇಡಬೇಕಾಗಿದೆ. ೨೦೨೫ರ ಜೂನ್ ತಿಂಗಳಲ್ಲಿ ಮಲೆ ಮಹದೇಶ್ವರ ವನ್ಯಜೀವಿಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದುವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷವಿಕ್ಕಿದುದೇ ಕಾರಣವೆಂದು ತಿಳಿದುಬಂದಿತು. ಹುಲಿಯನ್ನೇರಿದ ದೇವರ ಮಲೆಯಲ್ಲಿಯೇ ಹುಲಿಯ ಸಂಸಾರವೊಂದು ಹೀಗೆ ಅಳಿಯಿತು. ಹಸುವನ್ನು ಕಳೆದುಕೊಂಡ ಬಡವನ ಸಂಕಟವನ್ನು ಪಟ್ಟಣದ ನಾವು ಹಗುರವಾಗಿ ಎಣಿಸಲಾಗದು. ಆದರೆ ನಂಬಿಕೆಯೊಂದೇ ಕಾಡನ್ನು ಕಾಯಲಾರದೆಂಬುದು ಸ್ಪಷ್ಟ. ನಷ್ಟಕ್ಕೆ ತಕ್ಷಣ ಪರಿಹಾರವೂ ಕಾಡಂಚಿನವರಿಗೆ ಜೀವನೋಪಾಯವೂ ದೊರೆತಲ್ಲದೆ ಆ ನಂಬಿಕೆಗೆ ಬಲ ಬಾರದು.

ಆದಕಾರಣ ಈ ಬೆಟ್ಟಗಳಿಗೆ ಹೋಗುವವರು ಯಾತ್ರಿಕರ ಹಳೆಯ ಮರ್ಯಾದೆಯನ್ನು ಪಾಲಿಸುವುದು ಯುಕ್ತ. ದಾರಿಯಲ್ಲಿ ಗದ್ದಲ ಮಾಡದಿರುವುದು, ಪ್ಲಾಸ್ಟಿಕ್ಕನ್ನು ಕಾಡಿನಲ್ಲಿ ಬಿಸಾಡದಿರುವುದು, ಕೋತಿ ಜಿಂಕೆಗಳಿಗೆ ತಿಂಡಿ ಎಸೆಯದಿರುವುದು, ಸೋಲಿಗರ ಜೇನನ್ನು ನ್ಯಾಯವಾದ ಬೆಲೆಗೆ ಕೊಳ್ಳುವುದು, ಇವು ಸಣ್ಣ ಮಾತುಗಳಾಗಿ ತೋರಬಹುದು. ಆದರೆ ಬೆಟ್ಟವೇ ಗುಡಿಯಾಗಿರುವಲ್ಲಿ ಪ್ರಾಕಾರವು ಬುಡದಿಂದಲೇ ಆರಂಭವಾಗುತ್ತದೆ.